ನೆನಪಿಡದ ಸಿಂತಸೈಜರ್

ಲಿಫ್ಟು ಕೆಟ್ಟರೆ ಆ ಪೇಟೆಯ ಎತ್ತರದ ಕಟ್ಟಡಗಳವರು ಮೊದಲು ಕರೆಯುತ್ತಿದ್ದುದು ಅವನನ್ನು. ಮೋಟಾರಿನ ಪಕ್ಕ ಕಣ್ಣು ಮುಚ್ಚಿ ನಿಂತು, ಎರಡು ಸಲ ಮೇಲೆ ಕೆಳಗೆ ಓಡಿಸಿ, ಯಾವ ಬೇರಿಂಗು ಸವೆದಿದೆಯೆಂದು ಮುಚ್ಚಳ ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದ. ಜೊತೆಯ ಮೆಕ್ಯಾನಿಕ್ಕುಗಳು ಅವನನ್ನು ಕಿವಿರಾಯ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೋ ಕುಚೋದ್ಯವೋ ಎಂದು ಅವನು ವಿಚಾರಿಸಲು ಹೋಗಲಿಲ್ಲ. ಆ ಹೆಸರಿಗೆ ಚ್ಯುತಿ ಬರದಂತೆ ಹತ್ತೊಂಬತ್ತು ವರ್ಷ ದುಡಿದ.

ಮೂರನೆಯ ಅಂತಸ್ತಿನ ಎರಡು ಕೋಣೆಗಳ ಮನೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ತಾಯಿ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹದಿನಾರು. ಅಂದಿನಿಂದ ಅವಳು ದೊಡ್ಡ ಹೋಟೆಲೊಂದರ ಕೋಣೆಗಳನ್ನು ಶುಚಿ ಮಾಡುತ್ತ ಬಂದಿದ್ದಳು. ಅಲ್ಲಿಯ ಶಿಸ್ತು ಕಟ್ಟುನಿಟ್ಟಾದದ್ದು. ಸೀಸೆಗಳ ಚೀಟಿಗಳೆಲ್ಲ ಬಾಗಿಲ ಕಡೆಗೆ ಮುಖ ಮಾಡಿರಬೇಕು, ನಲ್ಲಿಗಳ ಹಿಡಿ ನಟ್ಟ ನಡುವೆ ನಿಂತಿರಬೇಕು, ದೀಪದ ಬುರುಡೆ ಓರೆಯಾಗಿರಕೂಡದು. ಮೂವತ್ತೈದು ವರ್ಷ ಈ ಕೆಲಸ ಮಾಡಿದ ಕೈ ಮನೆಯಲ್ಲಿಯೂ ಸುಮ್ಮನಿರುತ್ತಿರಲಿಲ್ಲ. ಓರೆಯಾದದ್ದು ಕಣ್ಣಿಗೆ ಬಿದ್ದರೆ ಅದನ್ನು ನೆಟ್ಟಗೆ ಮಾಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ತಮ್ಮನಿಗಿದ್ದ ಹುಚ್ಚು ಬೇರೆ. ಅವನು ಪ್ರೊಗ್ರೆಸಿವ್ ಹೌಸ್ ಎಂಬ ಸಂಗೀತವನ್ನು ಕಟ್ಟುತ್ತಿದ್ದ. ಅದರಲ್ಲಿ ಹಾಡುವವರಿಲ್ಲ. ನಿಮಿಷಕ್ಕೆ ನೂರಾ ಇಪ್ಪತ್ತೆರಡರ ಲೆಕ್ಕದಲ್ಲಿ ಒಂದೇ ಬಡಿತ ಏಳೆಂಟು ನಿಮಿಷ ನಡೆಯುತ್ತದೆ; ಅದರ ಮೇಲೆ ಒಂದೊಂದೇ ಪದರ ಕೂಡುತ್ತ, ಕೇಳುವವನಿಗೆ ಅರಿವಾಗದಂತೆ ಅವನನ್ನು ಮೇಲಕ್ಕೆ ಒಯ್ಯುತ್ತದೆ. ಅಂತಸ್ತು ಬದಲಾದದ್ದು ಒಳಗೆ ನಿಂತವನಿಗೆ ತಿಳಿಯಬಾರದು ಎಂಬುದು ಒಳ್ಳೆಯ ಲಿಫ್ಟಿಗೂ ಈ ಸಂಗೀತಕ್ಕೂ ಒಂದೇ ನಿಯಮವೆಂದು ಅವನು ನಂಬಿದ್ದ.

ಅಕ್ಕ ಅದನ್ನು ನಂಬಿರಲಿಲ್ಲ. “ಶುರುವಾದ್ಮೇಲೆ ಕರಿ, ಬಂದು ಕೇಳ್ತೀನಿ” ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

“ಶುರುವಾಗಿ ಆರು ನಿಮಿಷ ಆಯ್ತಕ್ಕ.”

“ಹಾಗಾದ್ರೆ ಮುಗಿದ್ಮೇಲೆ ಕರಿ.”

ಹನ್ನೊಂದು ತುಣುಕುಗಳನ್ನು ಕಟ್ಟಿದ್ದ. ಹನ್ನೊಂದೂ ಅವನಿಗೇ ಒಪ್ಪಿಗೆಯಾಗಿರಲಿಲ್ಲ. ಬೇಸ್ ಎಂಬ ತಗ್ಗಿನ ದಪ್ಪ ಸ್ವರಕ್ಕೆ ಒಂದು ಸಣ್ಣ ಯಂತ್ರವಿತ್ತು. ಹಿಂದೆ ಮಂಜಿನಂತೆ ಹರಡಿಕೊಳ್ಳುವ ಉದ್ದ ಸ್ವರಗಳನ್ನು ಕಂಪ್ಯೂಟರು ಕೊಡುತ್ತಿತ್ತು. ಬಡಿತ ಬಿದ್ದಾಗಲೆಲ್ಲ ಬೇಸು ತಗ್ಗಿ ದಾರಿ ಬಿಟ್ಟು, ಮರುಕ್ಷಣ ಎದ್ದು ತುಂಬಿಕೊಳ್ಳುವ ವಿದ್ಯೆಯೂ ಅವನಿಗೆ ಕರಗತವಾಗಿತ್ತು. ಇಲ್ಲದ್ದು ಎಲ್ಲದರ ಮೇಲೆ ನಿಲ್ಲುವ ಮುಖ್ಯ ಸ್ವರ. ಕಂಪ್ಯೂಟರಿನ ಸ್ವರಗಳು ಅವನಿಗೆ ಅತಿಯಾಗಿ ಸರಿಯಾಗಿದ್ದವು.

ಅದನ್ನು ಹುಡುಕಿಕೊಂಡು ಹೋದ ಹಳೆಯ ವಾದ್ಯಗಳ ಅಂಗಡಿಯಲ್ಲಿ ವ್ಯಾಪಾರಿ, ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಹೊಸ ಸಿಂತಸೈಜರೊಂದನ್ನು ಮುಂದಿಟ್ಟ. “ಸಾವಿರ ಸ್ವರ ಒಳಗೇ ಇಟ್ಕೊಂಡಿದೆ. ಒತ್ತಿದ್ರೆ ಸಾಕು.”

“ಆ ಮೂಲೇಲಿರೋದು?”

“ಅದಕ್ಕೆ ನೆನಪೇ ಇಲ್ಲ ಸ್ವಾಮಿ. ಗುಂಡಿ ಎಲ್ಲಿ ತಿರುಗಿಸಿ ನಿಲ್ಲಿಸಿದ್ದೀರೋ ಅದೇ ಅದರ ಸ್ವರ. ಅಲುಗಿಸಿದ್ರೋ, ಹೋಯ್ತು. ಅರ್ಧ ಗಂಟೆ ಬಿಸಿಯಾಗದೆ ಶ್ರುತಿಗೂ ಬರಲ್ಲ.”

“ಅದನ್ನೇ ಕೊಡಿ.”

ವ್ಯಾಪಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮ ಮೇಲೆ ನಿಮಗೇ ಏನಾದ್ರೂ ಸಿಟ್ಟಿದೆಯಾ?”

ಕಾರಣವಿತ್ತು. ಆ ಯಂತ್ರದೊಳಗೆ ಸ್ವರ ಹುಟ್ಟಿಸುವ ಎರಡು ಭಾಗಗಳಿದ್ದವು. ಅವೆರಡೂ ಎಂದೂ ಪೂರ್ತಿ ಒಂದಾಗುತ್ತಿರಲಿಲ್ಲ. ಆ ಕೂದಲೆಳೆಯ ಅಂತರದಲ್ಲಿ ಉಸಿರಾಟದಂಥದೇನೋ ಇದೆಯೆಂದು ಅವನಿಗೆ ಅಂಗಡಿಯಲ್ಲೇ ಕೇಳಿಸಿತ್ತು.

ಅದೇ ವರ್ಷ ಅವನು ಒಂದು ಲಿಫ್ಟಿನ ಬೇರಿಂಗನ್ನು ತಪ್ಪಾಗಿ ಹೇಳಿದ. ಎರಡನೆಯ ಸಲವೂ ಹಾಗಾದಾಗ ವೈದ್ಯೆಯ ಬಳಿಗೆ ಹೋದ. ಕಿವಿಯ ನರಗಳು ಸಾಯುತ್ತಿವೆ, ತಡೆಯಲು ಮದ್ದಿಲ್ಲ, ಎತ್ತರದ ಸ್ವರಗಳು ಮೊದಲು ಹೋಗುತ್ತವೆ, ತಗ್ಗಿನವು ಆಮೇಲೆ ಎಂದು ಅವಳು ಕಾಗದದ ಮೇಲೆ ಇಳಿಜಾರಿನ ಗೆರೆಯೆಳೆದು ತೋರಿಸಿದಳು. “ಎಷ್ಟು ದಿನ?” ಎಂದು ಕೇಳಿದ. “ವರ್ಷ ಅಂದ್ಕೊಳ್ಳಿ. ಕಡಿಮೆಯೂ ಆಗಬಹುದು” ಎಂದಳು.

ಬದುಕಿನಲ್ಲಿ ಒಂದಾದರೂ ಒಪ್ಪುವಂಥದ್ದನ್ನು ಮುಗಿಸಿಬಿಡಬೇಕೆಂದು ಅವನು ಹನ್ನೆರಡನೆಯದಕ್ಕೆ ಕೂತ. ಇಪ್ಪತ್ತಾರು ಗುಂಡಿಗಳನ್ನು ಸಂಜೆ ಸಂಜೆ ಕೂದಲೆಳೆಯಷ್ಟು ತಿರುಗಿಸುತ್ತ, ನಾಲ್ಕು ತಿಂಗಳ ಮೇಲೆ ಆ ಸ್ವರವನ್ನು ಮುಟ್ಟಿದ. ತಗ್ಗಿನಲ್ಲಿ ಮಬ್ಬಾಗಿದ್ದು, ಹೊಳಪನ್ನು ತಡೆದು ಹಿಡಿಯುವ ಫಿಲ್ಟರಿನ ಗುಂಡಿಯನ್ನು ನಿಧಾನವಾಗಿ ತೆರೆದಂತೆ ಒಳಗಿನಿಂದ ಬೆಳಗುತ್ತ ಬರುವ ಸ್ವರ. ಬುದ್ಧಿವಂತನಾಗಿದ್ದರೆ ಅಂದೇ ಧ್ವನಿಮುದ್ರಿಸಿಕೊಳ್ಳುತ್ತಿದ್ದ; ಗುಂಡಿಗಳ ಫೋಟೋವನ್ನಾದರೂ ತೆಗೆದಿಡುತ್ತಿದ್ದ. ಅವನಿಗೆ ಹಟ. ಪದರಗಳೆಲ್ಲ ಸಿದ್ಧವಾದ ಮೇಲೆ, ಫಿಲ್ಟರನ್ನು ತನ್ನ ಕೈಯಿಂದಲೇ ತೆರೆಯುತ್ತ, ಏಳೂ ನಿಮಿಷವನ್ನು ಒಂದೇ ಉಸಿರಿನಲ್ಲಿ ಮುದ್ರಿಸಬೇಕು. ತುಂಡು ತುಂಡಾಗಿ ಅಂಟಿಸಿದ್ದು ಏರುವುದಿಲ್ಲ ಎಂದುಕೊಂಡ. ಆ ಮೇಜನ್ನು ಮುಟ್ಟುವವರಾದರೂ ಯಾರಿದ್ದಾರೆ?

ಅದೊಂದು ಭಾನುವಾರ ಅವನು ತುರ್ತು ಕರೆಗೆ ಹೋಗಿದ್ದ. ಧೂಳು ಕಿವಿಗೆ ಕೆಟ್ಟದ್ದೆಂದು ಯಾರೋ ಹೋಟೆಲಿನಲ್ಲಿ ಅಂದದ್ದನ್ನು ತಲೆಯಲ್ಲಿಟ್ಟುಕೊಂಡು ಬಂದ ಅಕ್ಕ ಅವನ ಕೋಣೆಗೆ ನುಗ್ಗಿದಳು. ಅವನು ಹಿಂದಿರುಗಿದಾಗ ಯಂತ್ರ ಫಳಫಳ ಹೊಳೆಯುತ್ತಿತ್ತು.

“ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿತ್ತು ಕಣೋ” ಎಂದಳು, ಒರೆಸುವ ಬಟ್ಟೆ ಮಡಿಸುತ್ತ. “ಎಲ್ಲಾನೂ ನೆಟ್ಟಗೆ ನಿಲ್ಲಿಸಿದ್ದೀನಿ.”

ಇಪ್ಪತ್ತಾರು ಗುಂಡಿಗಳ ಬಿಳಿಯ ಗೆರೆಗಳೂ ಸೈನಿಕರಂತೆ ಸೂರು ನೋಡುತ್ತಿದ್ದವು. ಅವನು ಕುರ್ಚಿಯಲ್ಲಿ ಕೂತ. ಬೂಟು ಬಿಚ್ಚಲಿಲ್ಲ. ಅಕ್ಕ ಎರಡು ಸಲ “ಏನಾಯ್ತು?” ಎಂದು ಕೇಳಿದಳು. “ಏನಿಲ್ಲ” ಎಂದ. ಮೂರನೆಯ ಸಲಕ್ಕೆ ಹೇಳಿದ. ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಆ ದಿನ ಒಲೆ ಹಚ್ಚಲಿಲ್ಲ, ಅಷ್ಟೇ.

ಮತ್ತೆ ಹುಡುಕತೊಡಗಿದ. ಗುಂಡಿಗಳು ಸುಮಾರಾಗಿ ಎಲ್ಲಿದ್ದವೆಂಬುದು ಕೈಗೆ ನೆನಪಿತ್ತು. ಆದರೆ ಈ ನಡುವೆ ವೈದ್ಯೆ ಎಳೆದು ತೋರಿಸಿದ್ದ ಗೆರೆ ಇನ್ನಷ್ಟು ಇಳಿದಿತ್ತು. ಬಡಿತ ಕೇಳಿಸುತ್ತಿತ್ತು, ಬೇಸು ಕೇಳಿಸುತ್ತಿತ್ತು. ಫಿಲ್ಟರು ತೆರೆದಂತೆ ಬೆಳಗಬೇಕಾದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸದ್ದಕ್ಕೆ ಮತ್ತಷ್ಟು ತಿರುಗಿಸುತ್ತಿದ್ದ. ಮೂರು ವಾರ ಕಳೆದ ಮೇಲೆ ಅಕ್ಕ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು.

“ಕಿವೀಲಿ ಸೂಜಿ ಚುಚ್ಚಿದ ಹಾಗಾಗ್ತಿದೆ. ಮೊದಲು ಹೀಗಿರಲಿಲ್ಲ ಅದು.”

ಅವನು ತಿರುಗಿ ನೋಡಿದ. “ಮೊದಲು ಹೇಗಿತ್ತು ಅಂತ ನಿನಗೆ ನೆನಪಿದೆಯಾ?”

“ನಾಲ್ಕು ತಿಂಗಳು ಗೋಡೆ ಪಕ್ಕ ಕೂತು ತರಕಾರಿ ಹೆಚ್ಚಿದ್ದೀನಿ. ನೆನಪಿರದೆ ಏನು?”

ಅಂದಿನಿಂದ ಅವಳು ಕೆಲಸ ಮುಗಿಸಿ ಬಂದು, ಅಡುಗೆಮನೆಯ ಮಣೆಯನ್ನು ಅವನ ಮೇಜಿನ ಪಕ್ಕ ಹಾಕಿಕೊಂಡು ಕೂರತೊಡಗಿದಳು. ಅವನು ತಿರುಗಿಸುವುದು, ಅವಳು ಹೇಳುವುದು.

“ಇಸ್ತ್ರಿ ಮಾಡಿದ ಹಾಗಿದೆ. ಅದು ಒದ್ದೆ ಬಟ್ಟೆ ಥರ ಇತ್ತು.” ಎರಡು ಸ್ವರಗಳು ತೀರ ಹತ್ತಿರವಾಗಿವೆ ಎಂದು ಅವನು ಅರ್ಥ ಮಾಡಿಕೊಂಡು ಅವುಗಳನ್ನು ದೂರ ಮಾಡುತ್ತಿದ್ದ. “ಒಣ ಬಟ್ಟೇಲಿ ಕನ್ನಡಿ ಒರೆಸಿದ ಹಾಗೆ ಕಿರ್ ಅಂತಿದೆ.” ಫಿಲ್ಟರಿನ ಮೊನಚನ್ನು ತಗ್ಗಿಸುತ್ತಿದ್ದ. “ಬಾಗಿಲು ಧಡಕ್ಕನೆ ತೆಗೆದ್ರೆ ಒಳಗಿರೋರು ಹೆದರ್ತಾರೆ.” ಸ್ವರದ ಆರಂಭವನ್ನು ಮೆದುವಾಗಿಸುತ್ತಿದ್ದ.

ಒಂದು ಸಂಜೆ ಅವಳು ತಟ್ಟನೆ ಅಂದಳು: “ಇದೇ ಕಣೋ. ಇದೇ ಅದು.”

ಅವನ ಕೈ ನಿಂತಿತು. ತನಗೆ ಆರು ವರ್ಷವಿದ್ದಾಗ, ತಟ್ಟೆಯಲ್ಲಿ ಒಬ್ಬರಿಗಾಗುವಷ್ಟೇ ಇದ್ದಾಗ, “ನಂಗೆ ಹಸಿವಿಲ್ಲ” ಎಂದು ಅಕ್ಕ ಅನ್ನುತ್ತಿದ್ದ ದನಿ ಅದು. ಆ ದನಿಯನ್ನು ಗುರುತಿಸಲು ಅವನಿಗೆ ಎತ್ತರದ ಸ್ವರಗಳ ಅಗತ್ಯವಿರಲಿಲ್ಲ.

“ಇನ್ನೊಂದ್ಸಲ ಕೇಳು.”

ಅವಳು ಕೇಳಿದಳು. ಆಮೇಲೆ, “ಅಲ್ಲ” ಎಂದಳು. “ನಿನ್ನ ಮುಖ ನೋಡಕ್ಕಾಗ್ಲಿಲ್ಲ, ಅದಕ್ಕೇ ಹಾಗಂದೆ.”

“ನನ್ನ ಮುಖ ಬಿಡು. ನಂಗೆ ಕೇಳಿಸಲ್ಲ ಅಕ್ಕ. ನೀನೂ ಸುಳ್ಳು ಹೇಳಿದ್ರೆ ನಾನು ಇನ್ಯಾರನ್ನ ಕೇಳ್ಲಿ?”

ಅವಳು ಮತ್ತೆ ಸುಳ್ಳು ಹೇಳಲಿಲ್ಲ. ಮೇಲ್ವಿಚಾರಕಿ ಕೋಣೆಯನ್ನು ತಪಾಸಣೆ ಮಾಡುವಂತೆ, ದಯೆಯಿಲ್ಲದೆ ಕೇಳಿದಳು. ಅಲ್ಲ, ಅಲ್ಲ, ಅಲ್ಲ ಎಂದು ಮತ್ತೆರಡು ತಿಂಗಳು ಹೋದವು. ಅಷ್ಟರಲ್ಲಿ ಕಂಪನಿ ಅವನನ್ನು ಲಿಫ್ಟಿನ ಕೆಲಸದಿಂದ ತೆಗೆದು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿತು. ಅಲ್ಲಿ ಅವನನ್ನು ಯಾರೂ ಕಿವಿರಾಯ ಎಂದು ಕರೆಯುತ್ತಿರಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕಿಂಡಿಯಿಂದ ತಳ್ಳುತ್ತಿದ್ದರು. ಬೇಸಿನ ಮೇಲಿನ ಸ್ವರಗಳೂ ಅವನ ಕಿವಿಗೆ ಮಸುಕಾಗತೊಡಗಿದಾಗ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಅವನಿಗೆ ಸ್ಪಷ್ಟವಾಯಿತು.

ರಜೆಯ ದಿನ ಮಧ್ಯಾಹ್ನ, ಯಂತ್ರವನ್ನು ಅರ್ಧ ಗಂಟೆ ಬಿಸಿಮಾಡಿ, ಮುದ್ರಿಸಲು ಕೂತ. ಬಡಿತವನ್ನು ಎಣಿಸುತ್ತ ಫಿಲ್ಟರನ್ನು ತೆರೆಯುತ್ತ ಹೋದ. ಅಕ್ಕ ಹಿಂದೆ ನಿಂತು ಅವನ ಭುಜದ ಮೇಲೆ ಕೈಯಿಟ್ಟಿದ್ದಳು. ಮೊನಚಾಯಿತು ಎನಿಸಿದಾಗ ಒತ್ತುತ್ತಿದ್ದಳು, ಅವನು ತುಸು ಮುಚ್ಚುತ್ತಿದ್ದ. ಏಳು ನಿಮಿಷ ಇಪ್ಪತ್ತು ಸೆಕೆಂಡು. ಮುಗಿದ ಮೇಲೆ ಅವಳು ಹೆಡ್‌ಫೋನು ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ, ನಿಂತೇ ಕೇಳಿದಳು. ಅವನು ಅವಳ ಮುಖವನ್ನು ನೋಡಲಿಲ್ಲ.

“ಹೇಗಿದೆ?” ಎಂದ.

ಅವಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಆಮೇಲೆ ಕ್ಯಾಲೆಂಡರಿನ ಕಳೆದ ತಿಂಗಳ ಹಾಳೆಯನ್ನು ಹರಿದು, ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ, ನಾಲ್ಕನೆಯ ತರಗತಿಗೆ ಬಿಟ್ಟ ಓದಿನ ನಿಧಾನದಲ್ಲಿ ಬರೆದಳು: ಅದಲ್ಲ. ಅದಕ್ಕಿಂತ ಕಡಿಮೆ. ಆದರೆ ಮಧ್ಯ ಎದ್ದು ಹೋಗಬೇಕು ಅನ್ನಿಸಲಿಲ್ಲ.

ಅವನು ಎರಡು ಸಲ ಓದಿದ.

“ಎಷ್ಟು ಕಡಿಮೆ?”

ಅಕ್ಕ ಯೋಚಿಸಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಎತ್ತಿ, ನಡುವೆ ತುಸು ಜಾಗ ಬಿಟ್ಟು ತೋರಿಸಿದಳು. ಸವೆದ ಬೇರಿಂಗನ್ನು ಬೆಳಕಿಗೆ ಹಿಡಿದು ನೋಡುವವನಂತೆ ಅವನು ಆ ಸಂದನ್ನು ಬಹಳ ಹೊತ್ತು ನೋಡುತ್ತ ಕೂತ. ಅವನು ನೋಡಿ ಮುಗಿಸುವವರೆಗೂ ಅವಳು ಕೈ ಇಳಿಸಲಿಲ್ಲ.