ಕುಡುಕನ ಹಣೆಯ ಮೂರು ಗೆರೆ

ವಡಗಾವಿಯ ಗುರುಪುತ್ರಪ್ಪನ ಕುಂಚ ಆಡದ ಗೋಡೆ ಒಂದು ಕಾಲಕ್ಕೆ ಬೆಳಗಾವಿಯಲ್ಲಿ ಇರಲಿಲ್ಲ. ಅಂಗಡಿಯ ಬೋರ್ಡು, ಮಠದ ಗೋಡೆಯ ಶರಣರು, ಎಲ್ಲಾ ಅವನ ಕೈಯವೇ. ಆಮೇಲೆ ಫ್ಲೆಕ್ಸ್ ಎಂಬ ಮಾರಿ ಬಂತು ನೋಡಿ, ಬಣ್ಣದ ಡಬ್ಬಿಗಳು ಅಟ್ಟ ಸೇರಿದವು. ಹಾಳಾಗಿ ಹೋಗಲಿ ಅದು!

ಅಂಥವನಿಗೆ ಖಾನಾಪುರದ ಅಭಿಜಿತ ಹೇಳಿ ಕಳಿಸಿದ. ಕಾಡಿನ ಅಂಚಿಗೆ ಹೊಸ ಬಾರ್ ತೆರೆಯುತ್ತಿದ್ದ. ಮೊಬೈಲಿನಲ್ಲಿದ್ದ ಹಳೆಯ ವಿಲಾಯತಿ ಚಿತ್ರವೊಂದು ಅದರ ಗೋಡೆಗೆ ಬೇಕಿತ್ತು. ಕಾಡಿನ ನಡುವೆ ಮದ್ಯದ ದೇವರ ಗದ್ದಲ. ಆಡಿನ ಕಾಲಿನ ಗಂಡಸರು, ಕುಣಿಯುವ ಹೆಂಗಸರು, ಕುಡಿದು ತೂರಾಡುವ ಡೊಳ್ಳುಹೊಟ್ಟೆಯ ಮುದುಕ, ಅವನನ್ನು ಎರಡೂ ಬಾಜು ಹಿಡಿದವರು.

"ಚಂದ ಬರಲಿಲ್ಲಂದ್ರ ಮ್ಯಾಲ ಫ್ಲೆಕ್ಸ್ ಹಚ್ಚಿಬಿಡತೇನಿ ಮಾಮಾ," ಎಂದಿದ್ದ ಅಭಿಜಿತ. ಆ ಮಾತು ಗುರುಪುತ್ರಪ್ಪನ ಎದೆಗೆ ನಾಟಿತ್ತು. ಈ ಕೊನೆಯ ಗೋಡೆಯಾದರೂ ಉಳಿಯಲಿ ಎಂಬುದೊಂದೇ ಅವನ ಆಸೆ.

ಏಣಿ ಹತ್ತಿ ಇಳಿದು ಸೊಂಟ ಬಿದ್ದೇ ಹೋಗಿತ್ತು. ಕುಡಿತವೆಂದರೆ ಮಾರು ದೂರ ನಿಲ್ಲುವ ಮನುಷ್ಯನಿಗೆ ಕುಡುಕರನ್ನು ಬರೆಯುವ ಯೋಗ! ಎಲ್ಲ ಮುಗಿದು ಮುದುಕನ ಮುಖವೊಂದು ಉಳಿಯಿತು. ನಿದ್ದೆಗೆ ಕಣ್ಣು ಎಳೆಯುತ್ತಿತ್ತು, ಕೈ ತನ್ನ ಪಾಡಿಗೆ ತಾನು ನಡೆದಿತ್ತು.

"ಅರೇ ದೇವಾ! ಹೇ ಕಾಯ್, ಏನಿದು?" ಕೆಳಗಿನಿಂದ ಅಭಿಜಿತ ಚೀರಿದ. "ಕುಡುಕಗ ಇಬತ್ತಿ ಹಚ್ಚೀರಲ್ರೀ! ಮಂದಿ ನನ್ನ ಬಾರ್ ಉಳಸ್ತಾರೇನು?"

ಹೌದು, ಮುದುಕನ ಹಣೆಯ ತುಂಬ ಬೆಳ್ಳನೆಯ ಮೂರು ಗೆರೆ. ಜೀವಮಾನವಿಡೀ ಮುದುಕರೆಂದರೆ ಶರಣರನ್ನೇ ಬರೆದ ಕೈ, ರೂಢಿ ಬಿಟ್ಟಿರಲಿಲ್ಲ. ಗುರುಪುತ್ರಪ್ಪನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

"ಮೊದಲ ಒರಸ್ರಿ ಅದನ್ನ!"

ಬಟ್ಟೆ ಎತ್ತಿಕೊಂಡ. ಆದರೆ ಹಣೆಯ ಮೇಲಿನ ವಿಭೂತಿ ಒರೆಸಲು ಕೈ ಏಳಲೇ ಇಲ್ಲ. ಕಡೆಗೆ ಕುಂಚವನ್ನು ಕಂದು ಬಣ್ಣದಲ್ಲಿ ಅದ್ದಿ, ಆ ಮೂರು ಗೆರೆಗಳ ಮೇಲೆಯೇ ಮೂರು ಸುಕ್ಕು ಎಳೆದ.

ಅಭಿಜಿತ ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ. "ಮಾಮಾ, ಇಂವಾ ಈಗ ಕುಡದಾಂವ ಕಾಣವಲ್ಲ. ದುಡದಾಂವ ಕಾಣತಾನ."

"ಖರೇ ಐತಪಾ," ಎಂದ ಗುರುಪುತ್ರಪ್ಪ. "ಅದಕ್ಕ ಬಾಜೂನವ್ರು ಹಿಡಕೊಂಡಾರ."

ಅಭಿಜಿತ ಗೋಡೆಯ ಮೇಲೆ ಮುದುಕನನ್ನು ಹಿಡಿದ ಕೈಗಳನ್ನು ನೋಡಿದ. ಆಮೇಲೆ, "ಫ್ಲೆಕ್ಸ್ ಬ್ಯಾಡ. ಮೂಲ್ಯಾಗ ನಿಮ್ಮ ಹೆಸರ ಬರೀರಿ," ಎಂದ.

ಹೆಸರು ಬರೆದು ಇಳಿಯುವಾಗ ಗುರುಪುತ್ರಪ್ಪ ಕೊನೆಯ ಮೆಟ್ಟಿಲಲ್ಲಿ ತೂರಾಡಿದ. ಕೆಳಗೆ ಏಣಿ ಹಿಡಿದಿದ್ದ ಅಭಿಜಿತ ಅದನ್ನು ಬಿಟ್ಟು ಅವನ ರಟ್ಟೆಯನ್ನೇ ಹಿಡಿದುಕೊಂಡ.