ಅಮೆರಿಕದ ಕಾಯ್ದೆ, ಕಮಲಾಪುರದ ಸಂಬಂಧ

ನನ್ನ ಕೂದಲು ಉದುರುವ ಸುದ್ದಿ ನಮ್ಮ ಜೇವರ್ಗಿ ಕಾಲೋನಿಯಲ್ಲಿ ಹರಡುವ ಮೊದಲೇ ಅಮೆರಿಕಕ್ಕೆ ಮುಟ್ಟಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ದೊಡ್ಡಸ್ತಿಕೆಗೆಂದು ಒಂದು ಇ-ಮೇಲ್ ವಿಳಾಸ ಮಾಡಿಸಿಕೊಂಡಿದ್ದೆ. ಸೂಪರ್ ಮಾರ್ಕೆಟ್ಟಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಇ-ಮೇಲಿನ ಪೆಟ್ಟಿಗೆ ತೆರೆದರೆ ಕೂದಲೆಣ್ಣೆ, ಕೇಳದ ಸಾಲ, ಓದದೆ ಸಿಗುವ ಡಾಕ್ಟರೇಟು ಎಲ್ಲವೂ ನನಗಾಗಿ ಕಾದಿರುತ್ತಿದ್ದವು. ನೆಂಟರ ಪತ್ರ ಮಾತ್ರ ಒಂದೂ ಇರುತ್ತಿರಲಿಲ್ಲ.

ಪ್ರತಿ ಪತ್ರದ ಬುಡದಲ್ಲೂ ಒಂದು ಕಾಯ್ದೆಯ ಹೆಸರು. ಈ ಬೇಡದ ಟಪಾಲಿಗೆ ಅಮೆರಿಕದ ಹಲವು ರಾಜ್ಯಗಳು ತಮ್ಮ ತಮ್ಮದೇ ಕಾನೂನು ಮಾಡಿದ್ದವಂತೆ. ಪತ್ರ ತನ್ನ ಹಣೆಯ ಮೇಲೆ ಜಾಹೀರಾತು ಎಂದು ಬರೆದುಕೊಂಡಿರಬೇಕು, ಬೇಡವೆನ್ನಲು ದಾರಿ ತೋರಿಸಿರಬೇಕು, ಅಷ್ಟಾದರೆ ತಪ್ಪಿಲ್ಲ. ಅಂದರೆ, ಕಳ್ಳ ಬಾಗಿಲು ಬಡಿದು, 'ನಾನು ಕಳ್ಳ, ಬೇಡವಾದರೆ ಹೇಳಿ' ಎಂದರೆ ಅವನು ಅತಿಥಿ. ನಮ್ಮ ಶಾಸಕರಿಗೆ ಇಂಥ ಕಾನೂನು ಹೊಳೆದಿರಲಿಲ್ಲ. ಐದು ವರ್ಷಕ್ಕೊಮ್ಮೆ ಕರೆಯದೆ ಬರುವವರು ಅವರೇ ಅಲ್ಲವೇ?

ನಾನು ಕಾನೂನಿಗೆ ತಲೆಬಾಗುವವನು. ಪ್ರತಿಯೊಬ್ಬರಿಗೂ ಬೇಡವೆಂದು ಉತ್ತರ ಬರೆದೆ, ಅದೂ ನಮ್ಮ ಕಡೆಯ ರೀತಿಯಲ್ಲಿ: ಸದ್ಯಕ್ಕೆ ಎಣ್ಣೆ ಬೇಡ, ತಪ್ಪು ತಿಳಿಯಬೇಡಿ, ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಈ ವಿಳಾಸದಲ್ಲಿ ಜೀವಂತ ಮನುಷ್ಯನಿದ್ದಾನೆ, ಅದೂ ಸಭ್ಯಸ್ಥ ಎಂದು ಗೊತ್ತಾದದ್ದೇ ತಡ, ಪತ್ರಗಳು ಹತ್ತುಪಟ್ಟಾದವು.

ಅದೇ ಹೊತ್ತಿಗೆ ಕಮಲಾಪುರದ ನನ್ನ ಅಕ್ಕ ತನ್ನ ಮಗಳು ಸುಧಾಳಿಗೆ ಸೋಲಾಪುರದ ಗಂಡು ನೋಡಿದ್ದಳು. ಬ್ಯಾಂಕಿನ ನೌಕರಿ, ಜಾತಕ ಕೂಡಿತ್ತು. ಯಾರದೋ ಮದುವೆಯಲ್ಲಿ ಹುಡುಗನನ್ನು ಕಂಡಿದ್ದ ಸುಧಾ ಆಗಲೇ ಮನಸ್ಸಿನಲ್ಲಿ ಹೂಂ ಅಂದಿದ್ದಳು. 'ಫೋಟೋ ನಮ್ಮ ತಮ್ಮನ ಇ-ಮೇಲಿಗೆ ಕಳಸ್ರಿ' ಎಂದು ಅಕ್ಕ ಗಂಡಿನ ಕಡೆಯವರಿಗೆ ಹೆಮ್ಮೆಯಿಂದ ಹೇಳಿದ್ದಳು. ಫೋಟೋ ಬಂದೇನೋ ಬಂತು. ಎಣ್ಣೆ, ಸಾಲ, ಡಾಕ್ಟರೇಟುಗಳಿಂದ ತುಂಬಿದ್ದ ಪೆಟ್ಟಿಗೆಯಲ್ಲಿ ಜಾಗವಿಲ್ಲದೆ, ನನಗೆ ಗೊತ್ತೇ ಆಗದಂತೆ ಬಂದ ದಾರಿಯಲ್ಲೇ ಹಿಂದಿರುಗಿತು.

ಸಂಬಂಧ ಬೇಡವೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫೋಟೋ ವಾಪಸ್ ಕಳಿಸುತ್ತೇವೆ, ಅವರು ತಿಳಿದುಕೊಳ್ಳುತ್ತಾರೆ. ಇವರೂ ತಿಳಿದುಕೊಂಡರು. ಕಾದು ಕಾದು ಅಕ್ಕ ಫೋನು ಮಾಡಿದಾಗ ಹುಡುಗನ ತಂದೆ, "ಫೋಟೋ ವಾಪಸ್ ಬಂತಲ್ರೀ. ನಾವೇನ್ ಮನಸ್ಸಿಗೆ ಹಚ್ಕೊಂಡಿಲ್ಲ. ಲಾತೂರಿನ ಹುಡುಗೀನ್ನ ಗೊತ್ತು ಮಾಡೀವಿ" ಎಂದರಂತೆ.

ಮರುದಿನ ಅಕ್ಕ ಕೆಂಪು ಬಾಳೆಹಣ್ಣು ಹಿಡಿದು ಬಸ್ಸಿಳಿದಳು. ಎಷ್ಟೇ ಸಿಟ್ಟಿದ್ದರೂ ತಮ್ಮನ ಮನೆಗೆ ಬರಿಗೈಯಲ್ಲಿ ಬರುವವಳಲ್ಲ. ಸುಧಾ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದಳು. ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಪೆಟ್ಟಿಗೆ ತುಂಬಿದ ಕಥೆ, ಅಮೆರಿಕದ ಕಾಯ್ದೆ, ನನ್ನ ಉತ್ತರಗಳು ಎಲ್ಲವನ್ನೂ ವಿವರಿಸಿದೆ. ಅಕ್ಕ ಪೂರ್ತಿ ಕೇಳಿದಳು.

"ನೂರು ಸಲ ಬ್ಯಾಡ ಅಂದ್ರೂ ಆ ಎಣ್ಣಿಯವರು ಬರಾಕತ್ತಾರ. ಸೋಲಾಪುರದವರು ನೀ ಬ್ಯಾಡ ಅನ್ನೋದಕ್ಕಿಂತ ಮೊದ್ಲೇ ಹಿಂದ ಸರದ್ರು. ನಿನ್ನ ಕಾಯ್ದೆ ಮರ್ಯಾದಿ ಇದ್ದೋರಿಗಷ್ಟ ಲಾಗೂ ಆಗ್ತದೇನು?"