ಘಾಟಿಯಲ್ಲಿ ಉಳಿದುಕೊಂಡ ಕಾರು ಕಂಪನಿ

ರಾಷ್ಟ್ರದ ಕೈಗಾರಿಕಾ ನೀತಿಯನ್ನು ವಿಶಾಲವಾದ ಸಭಾಂಗಣದಲ್ಲಿ, ಸಮಚಿತ್ತದಿಂದ ನಿರ್ಧರಿಸಬೇಕು. ನಾವು ಎಂಟು ಮಂದಿ ಪ್ರಯಾಣಿಕರು ಅದನ್ನು ಸಂಪಾಜೆಯಿಂದ ಮಡಿಕೇರಿಗೆ ಹೊರಟ ಬಾಡಿಗೆ ಕಾರಿನಲ್ಲಿ, ಒಬ್ಬರ ತೊಡೆಯ ಮೇಲೊಬ್ಬರು ಕೂತು ನಿರ್ಧರಿಸಿದೆವು. ನಷ್ಟದಲ್ಲಿರುವ ಕಾರು ಕಂಪನಿಗೆ ಸರ್ಕಾರ ನೆರವು ಕೊಡಲಿದೆಯೆಂದು ಅಂದಿನ ಪತ್ರಿಕೆಯಲ್ಲಿತ್ತು. ಕೊಡಕೂಡದೆಂದು ನಾನು ಭಾಷಣ ಮಾಡಿದೆ. ಉಳಿದವರು ಕೈ ಎತ್ತಿ ಅನುಮೋದಿಸಿದರು. ನನ್ನ ಮಗಳು ಪಾರ್ವತಿ ಮಾತ್ರ ಕೈಗಡಿಯಾರ ನೋಡುತ್ತಿದ್ದಳು. ಹತ್ತೂವರೆಯೊಳಗೆ ಅವಳು ಮಡಿಕೇರಿಯ ಶಾಲೆಯಲ್ಲಿ ಹೊಸ ಟೀಚರಾಗಿ ಹಾಜರಾಗಬೇಕಿತ್ತು.

ಕಡಿದಾದ ತಿರುವಿನಲ್ಲಿ ವಾಡಿಕೆಯಂತೆ ಎಲ್ಲರೂ ಇಳಿದು ನಡೆದೆವು. ಹಗುರಾದ ಕಾರು ಏರು ಹತ್ತಿ ಮೇಲೆ ಹೋಗಿ ನಿಂತಿತು. ಏದುಸಿರು ಬಿಡುತ್ತ ತಲುಪಿದರೆ ಬಾಗಿಲುಗಳೆಲ್ಲ ಭದ್ರ! ಡ್ರೈವರ್ ಹಮೀದ್ ಬಾನೆಟ್ಟಿಗೆ ಒರಗಿ ಬೀಡಿ ಹಚ್ಚಿದ್ದ.

“ಕಂಪನಿ ಮುಚ್ಚಿದ್ರೆ ಸ್ಪೇರ್ ಪಾರ್ಟು ನಿಮ್ಮ ತೋಟದಲ್ಲಿ ಬೆಳೀತದಾ ಗೌಡ್ರೇ? ನನ್ನ ಗಾಡಿ ಕೋಳಿಗೂಡಾಗ್ತದೆ. ನೆರವು ಕೊಡ್ಲಿ ಅಂತ ಇನ್ನೊಂದ್ಸಲ ಕೈ ಎತ್ಸಿ, ಆಮೇಲೆ ಹೋಗುವ.”

ತತ್ವವನ್ನು ಬಿಡಲಾಗದೆಂದು ನಾನು ಗಂಭೀರವಾಗಿ ಸಾರಿದೆ.

“ಅಪ್ಪಾ, ತತ್ವ ಎಲ್ಲ ಮನೇಲಿ ಇಟ್ಕೊಳ್ಳಿ. ಈಗ ಕೈ ಎತ್ತಿ, ನಂಗೆ ಹೊತ್ತಾಯ್ತು!” ಎಂದಳು ಪಾರ್ವತಿ.

ಎತ್ತಿದೆ. ಹಿಂದೆಯೇ ಉಳಿದ ಏಳು ಕೈಗಳೂ ಎದ್ದವು. ಹಮೀದ್ ಬೀಡಿ ಎಸೆದು ಬಾಗಿಲು ತೆಗೆದ.

ಆಮೇಲೆ ಈ ವಿಷಯ ಪತ್ರಿಕೆಯಲ್ಲಿ ಎಷ್ಟೋ ಸಲ ಬಂದಿದೆ. ಅದನ್ನು ನಾನು ಮನೆಯಲ್ಲೇ ಓದುತ್ತೇನೆ. ಪಾರ್ವತಿ ಅಂದು ಹತ್ತು ಇಪ್ಪತ್ತೈದಕ್ಕೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಳು.